ಪಕ್ಕದ ಬಾಗಿಲಿನಿಂದ ಬಂದವರು

"ಅಮೆರಿಕಾದಲ್ಲಿ ಇದ್ಕೊಂಡು ಇನ್ನೂ ಪಿಯುಸಿ ಓದ್ತಿದ್ದಾಳಾ?" ಅನ್ನೋ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕೋಕೆ ಹೋಗಿ ಈ ಲೇಖನ ಹುಟ್ಟಿತು. ಪ್ರಶ್ನೆ ಕೇಳಿದ್ದು ನಾವಲ್ಲ, ಊರಿನ ನೆಂಟರು. ನಮ್ಮ ಹಾಸ್ಟೆಲ್ ರೂಮಿನಲ್ಲಿ ಫಸ್ಟ್ ಇಯರ್‌ನಿಂದ ಮೂರು ಜನ ಇದ್ದೀವಿ, ಈ ವರ್ಷ ನಾಲ್ಕಾದೆವು. ಆ ಮೂವರಲ್ಲಿ ಒಬ್ಬನ ದೊಡ್ಡಪ್ಪನ ಮಗಳು ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿ ಬೆಳೆದವಳು. ನಮಗಿಂತ ಒಂದು ವರ್ಷ ದೊಡ್ಡವಳು. ಭಾನುವಾರ ಬೆಳಿಗ್ಗೆ ಅವಳ ವಿಡಿಯೋ ಕಾಲ್ ಬಂದರೆ ಇಡೀ ರೂಮು ಮಾತಾಡುತ್ತೆ, ಹಾಗಾಗಿ ಈಗ ಎಲ್ಲರಿಗೂ ಅಕ್ಕನೇ.

ಅಕ್ಕನಿಗೆ ಹನ್ನೆರಡನೇ ಕ್ಲಾಸು ಮುಗಿದಾಗ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು. ಅದೇ ಹೊತ್ತಿಗೆ ಲೇಆಫ್‌ನಲ್ಲಿ ದೊಡ್ಡಪ್ಪನ ಕೆಲಸ ಹೋಯಿತು. ಅವಳು ಸೀಟು ಬಿಟ್ಟು ಮನೆಯಿಂದ ಓಡಾಡೋ ದೂರದಲ್ಲಿದ್ದ ಕಮ್ಯುನಿಟಿ ಕಾಲೇಜು ಸೇರಿದಳು. ಓದ್ತಿರೋದು ಅಸೋಸಿಯೇಟ್ ಆಫ್ ಸೈನ್ಸ್ ಅನ್ನೋ ಎರಡು ವರ್ಷದ ಪದವಿ, ವಿಷಯ ಫಿಸಿಕ್ಸ್. ಊರಲ್ಲಿ ಸುದ್ದಿ ತಲುಪಿದ್ದು ಹೀಗೆ: "ಪಾಪ, ಹುಡುಗಿಗೆ ಎಲ್ಲೂ ಸೀಟ್ ಸಿಗ್ಲಿಲ್ಲವಂತೆ, ಜೂನಿಯರ್ ಕಾಲೇಜು ಸೇರಿದ್ದಾಳಂತೆ."

ಮೊದಲು ಈ ಹೆಸರಿನ ಗೊಂದಲ ಬಿಡಿಸೋಣ. ನಮ್ಮಲ್ಲಿ ಪಿಯು ಅಂದರೆ ಪದವಿ ಪೂರ್ವ, ಎರಡು ವರ್ಷ. ಹಿರಿಯರು ಇವತ್ತಿಗೂ ಅದನ್ನು ಜೂನಿಯರ್ ಕಾಲೇಜು ಅಂತಲೇ ಕರೀತಾರೆ. ಅಮೆರಿಕಾದ ಕಮ್ಯುನಿಟಿ ಕಾಲೇಜಿಗೂ ಹಳೇ ಹೆಸರು ಜೂನಿಯರ್ ಕಾಲೇಜು, ಅಲ್ಲೂ ಎರಡು ವರ್ಷ. ಹೋಲಿಕೆ ಅಲ್ಲಿಗೆ ಮುಗೀತು. ನಮ್ಮ ಪಿಯು ಹನ್ನೊಂದು, ಹನ್ನೆರಡನೇ ಕ್ಲಾಸು. ಅವರದು ಹನ್ನೆರಡು ಮುಗಿದ ಮೇಲೆ ಶುರುವಾಗೋದು. ನಾಲ್ಕು ವರ್ಷದ ಡಿಗ್ರಿಯ ಮೊದಲ ಎರಡು ವರ್ಷವನ್ನು ಕಡಿಮೆ ಖರ್ಚಿನಲ್ಲಿ ಒಂದು ಕಾಲೇಜಿನಲ್ಲಿ ಮುಗಿಸಿ, ಉಳಿದ ಎರಡು ವರ್ಷಕ್ಕೆ ಯೂನಿವರ್ಸಿಟಿಗೆ ಹೋಗೋದು. ಇದಕ್ಕೆ ಟ್ರಾನ್ಸ್‌ಫರ್ ಅಂತಾರೆ. ಅಂದರೆ ಅಕ್ಕ ಓದಿನಲ್ಲಿ ನಮ್ಮ ಹಿಂದೆ ಇಲ್ಲ, ನಮ್ಮ ಪಕ್ಕದ ಬೆಂಚಿನಲ್ಲೇ ಇದ್ದಾಳೆ.

ಅವಳ ಟೈಮ್‌ಟೇಬಲ್ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತೆ. ಕ್ಯಾಲ್ಕುಲಸ್ ಮೂರು ಭಾಗ, ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಈಕ್ವೇಷನ್ಸ್. ಮೆಕ್ಯಾನಿಕ್ಸ್, ಎಲೆಕ್ಟ್ರಿಸಿಟಿ ಮತ್ತು ಮ್ಯಾಗ್ನೆಟಿಸಂ, ಅಲೆಗಳು, ಬೆಳಕು, ಮಾಡರ್ನ್ ಫಿಸಿಕ್ಸ್. ಜೊತೆಗೆ ಕೆಮಿಸ್ಟ್ರಿ, ಪ್ರೋಗ್ರಾಮಿಂಗ್, ಮತ್ತೆ ಬರವಣಿಗೆ, ಇತಿಹಾಸ, ಕಲೆ ಅಂತ ಎಲ್ಲರಿಗೂ ಕಡ್ಡಾಯವಾದ ಒಂದಷ್ಟು ವಿಷಯಗಳು. ಒಟ್ಟು 60 ಯೂನಿಟ್, ಸೆಮಿಸ್ಟರಿಗೆ 15ರ ಲೆಕ್ಕ. ಡೈವರ್ಜೆನ್ಸ್ ಥಿಯರಂ ಅವಳಿಗೂ ತಲೆ ತಿನ್ನುತ್ತೆ, ನಮಗೂ ತಿನ್ನುತ್ತೆ. ಅದರಲ್ಲಿ ಜೂನಿಯರ್, ಸೀನಿಯರ್ ಅಂತ ಏನೂ ಇಲ್ಲ.

ಈ ಏರ್ಪಾಡು ಹೊಸದೇನಲ್ಲ. ಇಲಿನಾಯ್ ರಾಜ್ಯದ ಜೋಲಿಯೆಟ್ ಅನ್ನೋ ಊರಿನಲ್ಲಿ 1901ರಲ್ಲಿ ಆರು ವಿದ್ಯಾರ್ಥಿಗಳಿಂದ ಮೊದಲ ಸಾರ್ವಜನಿಕ ಜೂನಿಯರ್ ಕಾಲೇಜು ಶುರುವಾಯಿತು. ಹಿಂದೆ ಇದ್ದವರು ಇಬ್ಬರು. ಒಬ್ಬರು ಅಲ್ಲಿನ ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್, ಇನ್ನೊಬ್ಬರು ಶಿಕಾಗೋ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್. ಡಿಗ್ರಿಯ ಮೊದಲೆರಡು ವರ್ಷದ ಓದು ಮಕ್ಕಳಿಗೆ ಅವರ ಊರಿನಲ್ಲೇ ಸಿಗಲಿ, ಆಮೇಲೆ ಯೂನಿವರ್ಸಿಟಿಗೆ ಬರಲಿ ಅನ್ನೋದು ಯೋಚನೆ. ಆ ಕಾಲೇಜು ಇವತ್ತಿಗೂ ನಡೀತಿದೆ.

ಇದನ್ನು ದೊಡ್ಡ ಮಟ್ಟಕ್ಕೆ ಒಯ್ದದ್ದು ಕ್ಯಾಲಿಫೋರ್ನಿಯಾ. 1960ರಲ್ಲಿ ಅಲ್ಲಿ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲಾನ್ ಮಾಡಿದರು. ಹೈಸ್ಕೂಲ್ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ. ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಯೂನಿವರ್ಸಿಟಿ. ಕಮ್ಯುನಿಟಿ ಕಾಲೇಜು ಮಾತ್ರ ಕಲಿಯೋಕೆ ಬಂದ ಎಲ್ಲರಿಗೂ. ಅಲ್ಲಿಂದ ಮುಂದೆ ಯೂನಿವರ್ಸಿಟಿಗೆ ಹೋಗೋಕೆ ದಾರಿಯೂ ಇರಬೇಕು ಅಂತ ಅದೇ ಪ್ಲಾನ್ ಹೇಳಿತು. ಇವತ್ತು ಆ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ.

ಫೀಸಿನ ಲೆಕ್ಕ ನಾವು ಕ್ಯಾಲ್ಕುಲೇಟರ್ ಹಿಡಿದೇ ಮಾಡಿದೆವು. ಆ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್ಟಿಗೆ 46 ಡಾಲರ್. 60 ಯೂನಿಟ್ಟಿಗೆ 2,760 ಡಾಲರ್, ಅದೂ ಎರಡು ವರ್ಷಕ್ಕೆ. ಯುಸಿಯಲ್ಲಿ ಅದೇ ರಾಜ್ಯದ ವಿದ್ಯಾರ್ಥಿಗೂ ಒಂದು ವರ್ಷಕ್ಕೇ 14,000 ಡಾಲರ್‌ಗಿಂತ ಹೆಚ್ಚು ಟ್ಯೂಷನ್, ಊಟ ವಸತಿ ಬೇರೆ. ದೊಡ್ಡಪ್ಪನ ಮನೆಯಲ್ಲಿ ಆ ವರ್ಷ ಸಂಬಳವೇ ಬರುತ್ತಿರಲಿಲ್ಲ. ಅಕ್ಕ ಮಾಡಿದ್ದು ತ್ಯಾಗ ಅಂತ ಯಾರಾದರೂ ಅಂದರೆ ಅವಳಿಗೆ ಸಿಟ್ಟು ಬರುತ್ತೆ. "ತ್ಯಾಗ ಅಲ್ಲ, ಅರಿತ್ಮೆಟಿಕ್," ಅಂತಾಳೆ.

ನಮಗೆ ನಿಜವಾಗಿ ಆಸಕ್ತಿ ಹುಟ್ಟಿಸಿದ್ದು ಫೀಸಲ್ಲ, ಟ್ರಾನ್ಸ್‌ಫರ್ ಹೇಗೆ ನಡೆಯುತ್ತೆ ಅನ್ನೋದು. ಒಂದು ಕಾಲೇಜಿನಲ್ಲಿ ಓದಿದ ಫಿಸಿಕ್ಸನ್ನು ಇನ್ನೊಂದು ಕಡೆ ಯಾಕೆ ಒಪ್ಪಬೇಕು? ಅದಕ್ಕೆ ಅಲ್ಲಿ ಕೋರ್ಸ್ ಕೋರ್ಸಿಗೂ ಒಪ್ಪಂದ ಇರುತ್ತೆ. ಈ ಕಾಲೇಜಿನ ಈ ಕೋರ್ಸ್, ಆ ಯೂನಿವರ್ಸಿಟಿಯ ಆ ಕೋರ್ಸಿಗೆ ಸಮ ಅಂತ ಎರಡೂ ಕಡೆಯವರು ಸಿಲಬಸ್ ನೋಡಿ ಮೊದಲೇ ಬರೆದಿಟ್ಟಿರುತ್ತಾರೆ. ಕ್ಯಾಲಿಫೋರ್ನಿಯಾದ ಎಲ್ಲಾ ಸರ್ಕಾರಿ ಕಾಲೇಜುಗಳ ಇಂಥ ಒಪ್ಪಂದಗಳು ಅಸಿಸ್ಟ್ ಅನ್ನೋ ಒಂದೇ ಕಡೆ ಸಿಗುತ್ತವೆ. ಅಕ್ಕ ಸ್ಕ್ರೀನ್ ಶೇರ್ ಮಾಡಿ ತೋರಿಸಿದಳು. ಒಂದು ಬದಿಯಲ್ಲಿ ಯೂನಿವರ್ಸಿಟಿ ಕೇಳೋದು, ಇನ್ನೊಂದು ಬದಿಯಲ್ಲಿ ಅವಳ ಕಾಲೇಜಿನಲ್ಲಿ ಅದಕ್ಕೆ ಸಮನಾದದ್ದು. ಕೆಲವು ಸಾಲಿನಲ್ಲಿ ಮಾತ್ರ ಸಮನಾದ ಕೋರ್ಸ್ ಇಲ್ಲ ಅಂತ ಇರುತ್ತೆ. ಅದೂ ಉಪಯೋಗದ ಮಾಹಿತಿಯೇ, ಏನು ಬಾಕಿ ಅಂತ ಮೊದಲ ದಿನವೇ ಗೊತ್ತಾಗುತ್ತಲ್ಲ.

2010ರಲ್ಲಿ ಇನ್ನೊಂದು ಕಾನೂನು ಬಂತು. ಅದರಿಂದ ಟ್ರಾನ್ಸ್‌ಫರ್‌ಗೆಂದೇ ರೂಪಿಸಿದ ಅಸೋಸಿಯೇಟ್ ಪದವಿಗಳು ಹುಟ್ಟಿದವು. ಈ ಪದವಿ ಮುಗಿಸಿ ಅರ್ಹತೆ ಇದ್ದವರಿಗೆ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಕಡೆ ಸೀಟು ಖಚಿತ, ಅದೂ ಮೂರನೇ ವರ್ಷಕ್ಕೆ. ಬಯಸಿದ ಕ್ಯಾಂಪಸ್ಸೇ ಸಿಗುತ್ತೆ ಅಂತೇನಿಲ್ಲ. ಯುಸಿ ದಾರಿ ಬೇರೆ. ಅದರ ಆರು ಕ್ಯಾಂಪಸ್‌ಗಳು ಇಂತಿಷ್ಟು ಕೋರ್ಸು, ಇಂತಿಷ್ಟು ಜಿಪಿಎ ಇದ್ದರೆ ಸೀಟು ಗ್ಯಾರಂಟಿ ಅಂತ ಮೊದಲೇ ಬರೆದುಕೊಡುತ್ತವೆ. ಡೇವಿಸ್, ಅರ್ವೈನ್, ಸಾಂಟಾ ಬಾರ್ಬರಾ ಎಲ್ಲ ಅದರಲ್ಲಿವೆ. ಬರ್ಕಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಇಲ್ಲ. ಅಂಥ ಗ್ಯಾರಂಟಿ ಒಂದೇ ಕ್ಯಾಂಪಸ್ಸಿಗೆ ಕೇಳಬಹುದು. ಅಕ್ಕ ಡೇವಿಸ್‌ಗೆ ಕೇಳಿದ್ದಾಳೆ, ಬರ್ಕಲಿಗೆ ಎಲ್ಲರಂತೆ ಅರ್ಜಿ ಹಾಕಿದ್ದಾಳೆ.

ಇಷ್ಟು ಓದಿ ಅಲ್ಲೆಲ್ಲ ಸರಾಗ ಅಂದುಕೊಳ್ಳಬೇಡಿ. ಅಮೆರಿಕಾ ಸರ್ಕಾರದ ಲೆಕ್ಕ ಪರಿಶೋಧನಾ ಸಂಸ್ಥೆ 2017ರಲ್ಲಿ ಕೊಟ್ಟ ವರದಿಯ ಪ್ರಕಾರ, 2004ರಿಂದ 2009ರವರೆಗೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದ ವಿದ್ಯಾರ್ಥಿಗಳು ಸರಾಸರಿ ಶೇ. 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು. ಅಂದರೆ ಓದಿ, ಫೀಸು ಕಟ್ಟಿ, ಪಾಸಾದ ಹತ್ತು ಕೋರ್ಸಿನಲ್ಲಿ ನಾಲ್ಕು ಲೆಕ್ಕಕ್ಕೇ ಇಲ್ಲ. ಇನ್ನೊಂದು ಅಂಕಿ ನೋಡಿ. ಅಮೆರಿಕಾದಲ್ಲಿ ಕಮ್ಯುನಿಟಿ ಕಾಲೇಜಿನಿಂದ ಓದು ಶುರು ಮಾಡೋ ನೂರು ಜನರಲ್ಲಿ ಆರು ವರ್ಷದೊಳಗೆ ಬ್ಯಾಚುಲರ್ ಪದವಿ ಪಡೆಯೋರು ಸುಮಾರು 16 ಜನ ಮಾತ್ರ. ದಾರಿ ಇದೆ, ಬೋರ್ಡೂ ಇದೆ, ಆದರೆ ಬಹಳ ಜನ ಮಧ್ಯದಲ್ಲೇ ಇಳಿದುಬಿಡುತ್ತಾರೆ. ಯಾಕೆ ಅಂತ ಅಕ್ಕನ ಕಥೆ ಕೇಳಿದರೆ ಸ್ವಲ್ಪ ಅರ್ಥ ಆಗುತ್ತೆ.

ಕಳೆದ ಸೆಮಿಸ್ಟರ್ ಶುರುವಿನಲ್ಲಿ ಅವಳಿಗೆ ಬೇಕಿದ್ದ ಫಿಸಿಕ್ಸ್ ಕೋರ್ಸಿನ ಕ್ಲಾಸ್ ಭರ್ತಿಯಾಗಿತ್ತು. ವೇಟಿಂಗ್ ಲಿಸ್ಟಿನಲ್ಲಿ ಅವಳದು ಒಂಬತ್ತನೇ ಹೆಸರು. ಕೇಳೋಕೆ ಸಣ್ಣ ವಿಷಯ. ಆದರೆ ಇಲ್ಲಿ ಒಂದರ ಮೇಲೆ ಒಂದು ಕೋರ್ಸ್ ನಿಂತಿರುತ್ತೆ. ಈ ಫಿಸಿಕ್ಸ್ ಆಗದೆ ಮುಂದಿನದಕ್ಕೆ ಕೂರೋ ಹಾಗಿಲ್ಲ, ಮುಂದಿನದು ಮುಗಿಯದೆ ಟ್ರಾನ್ಸ್‌ಫರ್ ಪಟ್ಟಿ ಪೂರ್ತಿಯಾಗಲ್ಲ. ಒಂದು ಕುರ್ಚಿ ಸಿಗದಿದ್ದರೆ ಒಂದು ವರ್ಷ ಹೋಗುತ್ತೆ. ಆ ವಾರ ಅವಳು ಕಾಲ್ ಮಾಡಲಿಲ್ಲ. ಆಮೇಲೆ ಗೊತ್ತಾಯಿತು, ಪಕ್ಕದ ಊರಿನ ಇನ್ನೊಂದು ಕಮ್ಯುನಿಟಿ ಕಾಲೇಜಿನಲ್ಲಿ ಅದೇ ಕೋರ್ಸ್ ಸಂಜೆ ಇತ್ತು. ಅದು ನಡೆಯುತ್ತಾ ಅಂತ ಕೌನ್ಸೆಲರ್ ಹತ್ತಿರ ಎರಡು ಸಲ ಕೇಳಿ ಖಚಿತ ಮಾಡಿಕೊಂಡು ಸೇರಿದಳು. ಬಸ್ಸಿನಲ್ಲಿ ಹೋಗೋಕೆ ಒಂದು ಗಂಟೆ, ಬರೋಕೆ ಒಂದು ಗಂಟೆ. ಮನೆ ಸೇರುವಾಗ ರಾತ್ರಿ ಹನ್ನೊಂದು. ಒಪ್ಪಂದ ಕಾಗದದ ಮೇಲೆ ಇದ್ದದ್ದಕ್ಕೆ ಒಂದು ವರ್ಷ ಉಳೀತು. ಮನೆಯಲ್ಲೇ ಇದ್ದು ಓದೋ ಅನುಕೂಲ ಇದ್ದದ್ದಕ್ಕೆ ಆ ಬಸ್ಸೂ ಸಾಧ್ಯವಾಯಿತು. ಪಾರ್ಟ್‌ಟೈಮ್ ಕೆಲಸ, ಮನೆಯಲ್ಲಿ ಮಗು ಇರೋ ಅವಳ ಕ್ಲಾಸ್‌ಮೇಟ್‌ಗೆ ಅದು ಆಗಲಿಲ್ಲ.

"ಇಂಥ ಕಾಲೇಜಿನಿಂದ ಎಲ್ಲಿವರೆಗೆ ಹೋಗಬಹುದು?" ಅಂತ ಕೇಳೋ ನೆಂಟರಿಗೆ ಹೇಳೋಕೆ ನಾವು ಒಂದು ಹೆಸರು ಇಟ್ಟುಕೊಂಡಿದ್ದೀವಿ. ಐಲೀನ್ ಕಾಲಿನ್ಸ್. ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಊರಿನವರು, ಮನೆಯಲ್ಲಿ ಹಣದ ಅನುಕೂಲ ಇರಲಿಲ್ಲ. ಕಾರ್ನಿಂಗ್ ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಮತ್ತು ವಿಜ್ಞಾನದಲ್ಲಿ ಇದೇ ಎರಡು ವರ್ಷದ ಅಸೋಸಿಯೇಟ್ ಪದವಿಯನ್ನು 1976ರಲ್ಲಿ ಮುಗಿಸಿದರು. ಅಲ್ಲಿಂದ ಸಿರಕ್ಯೂಸ್ ವಿಶ್ವವಿದ್ಯಾಲಯಕ್ಕೆ ಹೋಗಿ 1978ರಲ್ಲಿ ಡಿಗ್ರಿ ಪಡೆದು, ವಾಯುಪಡೆಯ ಪೈಲಟ್ ಆದರು. 1999ರಲ್ಲಿ ಸ್ಪೇಸ್ ಶಟಲ್‌ಗೆ ಕಮಾಂಡರ್ ಆದ ಮೊದಲ ಮಹಿಳೆ ಅವರೇ. ಆ ಯಾತ್ರೆಯಲ್ಲಿ ಅವರ ತಂಡ ಕಕ್ಷೆಗೆ ಬಿಟ್ಟದ್ದು ಚಂದ್ರ ಎಕ್ಸ್-ರೇ ದೂರದರ್ಶಕ. ಅದಕ್ಕೆ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು. ಚಂದ್ರಶೇಖರ್ ದಶಕಗಳ ಕಾಲ ಪಾಠ ಮಾಡಿದ್ದು ಶಿಕಾಗೋ ವಿಶ್ವವಿದ್ಯಾಲಯದಲ್ಲಿ. ಮೊದಲ ಜೂನಿಯರ್ ಕಾಲೇಜಿನ ಹಿಂದೆ ಇದ್ದ ಹಾರ್ಪರ್ ಕಟ್ಟಿದ ವಿಶ್ವವಿದ್ಯಾಲಯವೂ ಅದೇ! ಇದನ್ನು ಹೇಳಿದ ಮೇಲೆ ನೆಂಟರು ಸಾಮಾನ್ಯವಾಗಿ ಕಾಫಿ ಕಡೆ ಗಮನ ಕೊಡುತ್ತಾರೆ.

ಇನ್ನು ನಮ್ಮ ರೂಮಿನ ನಾಲ್ಕನೆಯವನ ವಿಷಯ. ಅವನಿಲ್ಲದಿದ್ದರೆ ಅಕ್ಕನ ಕಥೆ ನಮಗೆ ಬರೀ ಅಮೆರಿಕಾ ಕಥೆಯಾಗಿ ಉಳೀತಿತ್ತು.

ಅವನು ಹಾವೇರಿ ಕಡೆಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ, ಡಿಸಿಇಟಿ ಬರೆದು ನೇರ ನಮ್ಮ ಮೂರನೇ ಸೆಮಿಸ್ಟರಿಗೆ ಬಂದ. ಕ್ಯಾಂಪಸ್ಸಿನಲ್ಲಿ ಇವರಿಗೆ 'ಲ್ಯಾಟರಲ್ಸ್' ಅಂತ ಹೆಸರು. ಲ್ಯಾಟರಲ್ ಅಂದರೆ ಪಕ್ಕದಿಂದ. ಮುಂಬಾಗಿಲು ಬಿಟ್ಟು ಪಕ್ಕದ ಬಾಗಿಲಿನಿಂದ ನುಗ್ಗಿದ ಹಾಗೆ ಆ ಪದ ಕೇಳಿಸುತ್ತೆ. ಲೆಕ್ಕ ಹಾಕಿ ನೋಡಿ. ಹತ್ತನೇ ಕ್ಲಾಸಾದ ಮೇಲೆ ನಾವು ಪಿಯು ಎರಡು ವರ್ಷ, ಫಸ್ಟ್ ಇಯರ್ ಒಂದು ವರ್ಷ, ಒಟ್ಟು ಮೂರು. ಅವನು ಡಿಪ್ಲೊಮಾ ಮೂರು. ಒಂದು ದಿನವೂ ಹೆಚ್ಚು ಕಮ್ಮಿ ಇಲ್ಲ. ಒಂದೇ ಊರಿಗೆ ಎರಡು ರೋಡು.

ಆದರೆ ಎರಡು ರೋಡಿನಲ್ಲಿ ಕಂಡದ್ದು ಬೇರೆ ಬೇರೆ. ಲ್ಯಾಬಿನಲ್ಲಿ ಅವನೇ ರಾಜ. ನಾವು ಸಿಆರ್‌ಒ ಮುಂದೆ ನಿಂತು ಯಾವ ನಾಬ್ ಅಂತ ಹುಡುಕುವಾಗ ಅವನು ವೇವ್‌ಫಾರ್ಮ್ ನಿಲ್ಲಿಸಿ, ರೀಡಿಂಗ್ ಬರೆದು, ನಮ್ಮ ಬ್ರೆಡ್‌ಬೋರ್ಡಿನಲ್ಲಿ ಲೂಸಾಗಿರೋ ವೈರನ್ನೂ ತೋರಿಸಿರುತ್ತಾನೆ. ಗಣಿತದ ಕ್ಲಾಸಿನಲ್ಲಿ ಉಲ್ಟಾ. ಮೊದಲ ವಾರವೇ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್. ಅದಕ್ಕೆ ಬೇಕಾದ ಇಂಟಿಗ್ರೇಷನ್ನನ್ನು ನಾವು ಪಿಯುನಲ್ಲಿ ಸಿಇಟಿ, ಜೆಇಇ ಅಂತ ತಿಂಗಳುಗಟ್ಟಲೆ ತಿಕ್ಕಿದ್ದೆವು. ಅವನು ಅದನ್ನು ನೋಡಿದ್ದು ಡಿಪ್ಲೊಮಾದ ಮೊದಲ ವರ್ಷದಲ್ಲಿ, ಬೇಕಾದಷ್ಟು ಮಾತ್ರ. ಮೊದಲ ಇಂಟರ್ನಲ್ಸ್‌ನಲ್ಲಿ ಗಣಿತಕ್ಕೆ ಒಂದಂಕಿ ಮಾರ್ಕ್ಸ್ ಬಂತು. "ಸೂತ್ರ ಗೊತ್ತೈತಿ, ಯಾಕಂತ ಗೊತ್ತಿಲ್ಲ," ಅಂದ. ನಮ್ಮ ಕಾಲೇಜಿನಲ್ಲಿ ಲ್ಯಾಟರಲ್‌ನವರಿಗೆ ಒಂದು ಹೆಚ್ಚುವರಿ ಗಣಿತದ ಪೇಪರ್ ಇದೆ ನಿಜ. ಆದರೆ ಅದು ನಡೆಯೋದು ಅದೇ ಸೆಮಿಸ್ಟರಿನಲ್ಲಿ, ಉಳಿದ ಎಲ್ಲದರ ಜೊತೆಗೆ. ಈಜು ಕಲಿಸೋ ಕ್ಲಾಸನ್ನು ನೀರಿಗೆ ತಳ್ಳಿದ ಮೇಲೆ ಇಟ್ಟ ಹಾಗೆ. ಒಂದು ರಾತ್ರಿ ಅವನು ಬ್ಯಾಗ್ ತುಂಬಿಕೊಂಡು ಕೂತಿದ್ದ. ಊರಿಗೆ ಹೋಗಿ ಯಾವುದಾದರೂ ಫ್ಯಾಕ್ಟರಿ ಸೇರ್ತೀನಿ, ಡಿಪ್ಲೊಮಾಗೆ ಕೆಲಸ ಸಿಗುತ್ತೆ ಅಂದ. ಬೆಳಗಿನವರೆಗೂ ಮಾತಾಡಿದೆವು. ಬಸ್ ಹತ್ತಲಿಲ್ಲ.

ಅಕ್ಕನನ್ನೂ ಇವನನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೆ ಒಂದು ವಿಷಯ ಹೊಳೆಯಿತು. ಕ್ಯಾಲಿಫೋರ್ನಿಯಾದಲ್ಲಿ ಬಾಗಿಲಲ್ಲೇ ಕಿರಿಕಿರಿ. ಆ ಕೋರ್ಸ್ ಎಲ್ಲಿ, ಈ ಲ್ಯಾಬ್ ಆಗಿದೆಯಾ, ಜಿಪಿಎ ಎಷ್ಟು ಅಂತ ಒಂದೊಂದನ್ನೂ ಹೊಂದಿಸಿ ನೋಡುತ್ತಾರೆ. ಹೊಂದದೇ ಇದ್ದವರು ಕ್ರೆಡಿಟ್ ಕಳೆದುಕೊಳ್ಳುತ್ತಾರೆ, ವರ್ಷ ಕಳೆದುಕೊಳ್ಳುತ್ತಾರೆ. ಆದರೆ ಒಳಗೆ ಬಂದವರ ಹತ್ತಿರ ಮೂರನೇ ವರ್ಷದ ಕ್ಲಾಸಿಗೆ ಬೇಕಾದದ್ದು ಇರುತ್ತೆ. ನಮ್ಮಲ್ಲಿ ಬಾಗಿಲು ಉದಾರ. ಮೂರು ವರ್ಷದ ಡಿಪ್ಲೊಮಾವನ್ನು ಇಡಿಯಾಗಿ ಒಪ್ಪಿಕೊಂಡು ಎರಡನೇ ವರ್ಷಕ್ಕೆ ಕೂರಿಸುತ್ತಾರೆ, ಒಂದು ವರ್ಷವೂ ವ್ಯರ್ಥವಾಗಲ್ಲ. ಇದು ದೊಡ್ಡ ವಿಷಯ, ಅಕ್ಕನೇ ಕೇಳಿ ಆಶ್ಚರ್ಯಪಟ್ಟಳು. ಆದರೆ ಎರಡು ಸಿಲಬಸ್ ನಡುವಿನ ಕಂದಕ ಹಾಗೇ ಇರುತ್ತೆ. ಅದನ್ನು ಅಲ್ಲಿ ಸೇರೋ ಮುಂಚೆ ಅಳೀತಾರೆ. ಇಲ್ಲಿ ಸೇರಿದ ಮೇಲೆ ಹುಡುಗನೇ ಒಬ್ಬನೇ ಬಿದ್ದು ಅಳೀಬೇಕು.

ನಮ್ಮ ದೇಶದಲ್ಲೂ ಈಗ ಕ್ರೆಡಿಟ್ ಮಾತು ಜೋರಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಹಿಂದೆಯೇ 2021ರಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮ ತಂದಿತು. ಕಾಲೇಜು ಹೇಳಿತು ಅಂತ ನಾವೆಲ್ಲ ಎಬಿಸಿ ಐಡಿ ಮಾಡಿಸಿಕೊಂಡೆವು. ಖಾತೆ ತೆರೆದದ್ದಾಯಿತು. ಆದರೆ ಬ್ಯಾಂಕಿನಲ್ಲಿ ಹಣ ಇದ್ದರೆ ಸಾಲದು, ಅಂಗಡಿಯವನು ಆ ನೋಟು ತಗೋಬೇಕು. ಯಾವ ಕೋರ್ಸಿಗೆ ಯಾವ ಕೋರ್ಸ್ ಸಮ, ಎಲ್ಲಿ ಎಷ್ಟು ಕೊರತೆ ಅನ್ನೋ ಸಾಲು ಸಾಲಿನ ಪಟ್ಟಿ ಇಲ್ಲದೆ ಕ್ರೆಡಿಟ್ ಬರೀ ಸಂಖ್ಯೆ. ಕ್ಯಾಲಿಫೋರ್ನಿಯಾದಿಂದ ಕಲಿಯಬೇಕಾದದ್ದು ಆ ಬೇಜಾರಿನ, ಯಾರೂ ಫೋಟೋ ತೆಗೆಯದ ಪಟ್ಟಿ ಕೆಲಸ ಅಂತ ನಮಗೆ ಅನಿಸುತ್ತೆ.

ದೊಡ್ಡ ಪಟ್ಟಿ ಮಾಡೋದು ನಮ್ಮ ಕೈಲಿಲ್ಲ. ಸಣ್ಣದೊಂದು ಮಾಡಿದ್ದೀವಿ. ಒಂದು ಬದಿಯಲ್ಲಿ ಮೂರನೇ ಸೆಮಿಸ್ಟರ್ ಗಣಿತದ ಟಾಪಿಕ್. ಇನ್ನೊಂದು ಬದಿಯಲ್ಲಿ ಅದಕ್ಕೆ ಮುಂಚೆ ಓದಿಕೊಳ್ಳಬೇಕಾದ ಪಿಯು ಅಧ್ಯಾಯ, ಯಾವ ಲೆಕ್ಕ ಮಾಡಿದರೆ ಸಾಕು, ಎಷ್ಟು ದಿನ ಹಿಡಿಯುತ್ತೆ. ಲಾಪ್ಲಾಸ್‌ಗೆ ಮೊದಲು ಇಂಟಿಗ್ರೇಷನ್ ಬೈ ಪಾರ್ಟ್ಸ್ ಮತ್ತು ಪಾರ್ಷಿಯಲ್ ಫ್ರ್ಯಾಕ್ಷನ್ಸ್. ಫೂರಿಯೆಗೆ ಮೊದಲು ತ್ರಿಕೋನಮಿತಿ ಸೂತ್ರಗಳು, ಸಮ ಮತ್ತು ಬೆಸ ಫಂಕ್ಷನ್‌ಗಳು. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಹೇಳಿದ್ದು ಹಾವೇರಿಯವನು, ಅದಕ್ಕೆ ಎಲ್ಲಿ ಉತ್ತರ ಇದೆ ಅಂತ ಹುಡುಕಿದ್ದು ನಾವು. ವಿವರಣೆ ಎಲ್ಲ ಕನ್ನಡದಲ್ಲಿ. ನಾವು ಮೂವರೂ ಇಂಗ್ಲಿಷ್ ಮೀಡಿಯಂ. ವರ್ಗ ಸಮೀಕರಣ, ಸಮಾಂತರ ಶ್ರೇಢಿ ಅನ್ನೋ ಪದಗಳನ್ನು ನಮಗೆ ಕಲಿಸಿದವನೂ ಅವನೇ. ಕಾಗುಣಿತ ತಿದ್ದಿದವನೂ ಅವನೇ.

ಎರಡನೇ ಇಂಟರ್ನಲ್ಸ್‌ನಲ್ಲಿ ಅವನು ಪಾಸು, ಅಂಚಿನಲ್ಲಿ. ಸೆಮ್ ಎಂಡ್ ಇನ್ನೂ ಇದೆ. ಅಕ್ಕನಿಗೆ ಬರ್ಕಲಿ ಏನು ಹೇಳುತ್ತೆ ಅನ್ನೋದು ಏಪ್ರಿಲ್‌ನಲ್ಲಿ ಗೊತ್ತಾಗುತ್ತೆ. ಪಟ್ಟಿ ಒಟ್ಟು ಎಂಟು ಪುಟ ಆಗಿದೆ, ಕನ್ನಡ ಸಂಘದ ಕಪಾಟಿನಲ್ಲಿ ಒಂದು ಪ್ರತಿ ಇಟ್ಟಿದ್ದೀವಿ. ಮುಂದಿನ ವರ್ಷ ಪಕ್ಕದ ಬಾಗಿಲಿನಿಂದ ಬರೋರು ಯಾರಾದರೂ ನಿಮಗೆ ಗೊತ್ತಿದ್ದರೆ, ಕ್ಲಾಸ್ ಶುರುವಾಗೋ ಮುಂಚೆಯೇ ಅವರ ಕೈಗೆ ಅದು ಸೇರೋ ಹಾಗೆ ಮಾಡಿ. ತಪ್ಪು ಕಂಡರೆ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ನಾವು ತಿದ್ದುತ್ತೀವಿ.